ಕಾಣದವನೊಡನೆ ಅನುರಾಗ: ಹರೆಯದವರ ಪ್ರೇತಪ್ರಣಯ ಕಥನ ಮತ್ತು ಓದುಗರ ಸ್ಪಂದನ

ಜನಪ್ರಿಯ ಕಾದಂಬರಿಗಳ ಓದುಗರನ್ನು ಕುರಿತು ವಿಮರ್ಶೆ ಆಡಿರುವ ಮಾತುಗಳಲ್ಲಿ ಬಹುಪಾಲು ಆ ಓದುಗರ ಪರವಾಗಿ ಬೇರೆಯವರು ಆಡಿದ ಮಾತುಗಳು. ಪಲಾಯನ, ರಂಜನೆ, ಹಗಲುಗನಸು ಎಂಬ ಮೂರು ಪದಗಳಲ್ಲಿ ಅವರ ಓದು ಮುಗಿದುಹೋಗುತ್ತದೆ. ಓದುಗರು ಹದಿಹರೆಯದ ಹುಡುಗಿಯರಾದರೆ ಈ ಮೂರು ಪದಗಳ ಅಗತ್ಯವೂ ಕಾಣುವುದಿಲ್ಲ. ಒಂದು ನಗೆ ಸಾಕಾಗುತ್ತದೆ. ಆದರೆ ಇಂಥ ಓದುಗರು ತಾವು ಮೆಚ್ಚಿದ ಕೃತಿಯನ್ನು ಕುರಿತು ಏನನ್ನು ತಕರಾರು ಮಾಡುತ್ತಾರೆ, ಯಾವುದನ್ನು ಒಪ್ಪುವುದಿಲ್ಲ, ಯಾವುದರ ಬಗ್ಗೆ ಮೌನವಾಗಿರುತ್ತಾರೆ ಎಂಬುದನ್ನು ಗಮನಿಸಿದರೆ ಬೇರೆಯೇ ಚಿತ್ರವೊಂದು ಮೂಡುತ್ತದೆ. ಅಮೆರಿಕದ ಲೇಖಕಿ ಮೆಗ್ ಕ್ಯಾಬಟ್ ಅವರ 'ದ ಮೀಡಿಯೇಟರ್' ಕಾದಂಬರಿ ಮಾಲೆಗೆ ದೊರೆತ ಸ್ಪಂದನಗಳನ್ನು ಆಧರಿಸಿ ಈ ಚಿತ್ರವನ್ನು ಸ್ಪಷ್ಟಪಡಿಸಿಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಮಾಲೆಯ ಮೊದಲ ಕಾದಂಬರಿ 'ಶ್ಯಾಡೋಲ್ಯಾಂಡ್' 2000ದಲ್ಲಿ ಪ್ರಕಟವಾಯಿತು. ಮೊದಲ ನಾಲ್ಕು ಕೃತಿಗಳು ಹೊರಬಂದದ್ದು ಜೆನ್ನಿ ಕ್ಯಾರೊಲ್ ಎಂಬ ಕಾವ್ಯನಾಮದಲ್ಲಿ. ಅದೇ ವರ್ಷ ಬಂದ 'ದ ಪ್ರಿನ್ಸೆಸ್ ಡೈರೀಸ್' ಲೇಖಕಿಯ ನಿಜನಾಮವನ್ನು ಪ್ರಸಿದ್ಧಗೊಳಿಸಿತು. 2003ರ ಐದನೆಯ ಕಾದಂಬರಿ 'ಹಾಂಟೆಡ್' ಅವರ ಸ್ವಂತ ಹೆಸರಿನಲ್ಲೇ ಬಂದಿತು. 2005ರ 'ಟ್ವೈಲೈಟ್' ಮಾಲೆಗೆ ಮುಕ್ತಾಯ ಹಾಡಿತು. ಸ್ಟೆಫನಿ ಮೆಯರ್ ಅವರ ರಕ್ತಪಿಶಾಚಿ ಕಾದಂಬರಿಯೂ ಅದೇ ವರ್ಷ ಅದೇ ಶೀರ್ಷಿಕೆಯಲ್ಲಿ ಬಂದದ್ದು ಆಕಸ್ಮಿಕ. ಹನ್ನೊಂದು ವರ್ಷಗಳ ಅನಂತರ, 2016ರಲ್ಲಿ, ವಯಸ್ಕ ಓದುಗರನ್ನು ಉದ್ದೇಶಿಸಿದ ಏಳನೆಯ ಕಾದಂಬರಿ 'ರಿಮೆಂಬ್ರೆನ್ಸ್' ಪ್ರಕಟವಾಯಿತು. ಈ ಹನ್ನೊಂದು ವರ್ಷಗಳ ಅಂತರ ಮುಂದಿನ ಚರ್ಚೆಗೆ ಬಹಳ ಮುಖ್ಯ.

ಕಥಾವಸ್ತು ಸರಳವಾದುದು. ತಾಯಿಯ ಮರುಮದುವೆಯ ಕಾರಣದಿಂದ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯದ ಕಾರ್ಮೆಲ್ ಊರಿಗೆ ಬಂದ ಹದಿನಾರರ ಸೂಸನ್ನಾ ಸೈಮನ್‌ಗೆ ಸತ್ತವರು ಕಾಣಿಸುತ್ತಾರೆ. ಅವರ ತೀರದ ಆಸೆಯನ್ನೋ ಬಾಕಿ ಉಳಿದ ಲೆಕ್ಕವನ್ನೋ ತೀರಿಸಿ ಅವರನ್ನು ಮುಂದಕ್ಕೆ ಕಳುಹಿಸುವುದು ಅವಳ ಕೆಲಸ. ಹೊಸ ಮನೆಯಲ್ಲಿ ಅವಳಿಗೆ ಸಿಕ್ಕ ಕೋಣೆಯಲ್ಲಿ 1850ರಲ್ಲಿ ಕೊಲೆಯಾದ ಇಪ್ಪತ್ತು ವರ್ಷದ ತರುಣ ಹೆಕ್ಟರ್ ಡ ಸಿಲ್ವನ ಪ್ರೇತವಿದೆ. ಅವನನ್ನು ಕರೆಯುವುದು ಜೆಸ್ಸಿ ಎಂದು. 'ಪ್ರೇತ' ಶಬ್ದದ ಮೂಲಾರ್ಥ 'ಮುಂದೆ ಹೋದುದು' ಎಂದು. ಹೆಸರಿನಲ್ಲಿ ಹೋದವನು, ಇರವಿನಲ್ಲಿ ಹೋಗದವನು. ನಮ್ಮಲ್ಲಿ ಅಪರಕ್ರಿಯೆಯ ವಿಧಿಗಳು ಮಾಡುವ ಕೆಲಸವನ್ನು ಈ ಕಾದಂಬರಿಯಲ್ಲಿ ಶಾಲೆಗೆ ಹೋಗುವ ಹುಡುಗಿ ಮಾಡಬೇಕಾಗಿದೆ. ಪ್ರೀತಿ ಹುಟ್ಟಿದ ಕ್ಷಣದಿಂದ ಅವಳು ಆ ಒಬ್ಬನ ವಿಷಯದಲ್ಲಿ ತನ್ನ ಧರ್ಮಕ್ಕೆ ತಪ್ಪುತ್ತಾಳೆ. ಎಲ್ಲ ಪ್ರೇತಗಳನ್ನೂ ಕಳುಹಿಸಬೇಕಾದವಳು ಒಂದನ್ನು ಮಾತ್ರ ಇರಿಸಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಎತ್ತಿದ್ದಾರೆ. ಪ್ರಣಯಕಥೆಯಲ್ಲಿ ಮೈಮರೆತವರು ಕೇಳುವ ಪ್ರಶ್ನೆ ಇದಲ್ಲ.

ರಸಾನುಭವಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಅಭಿನವಗುಪ್ತ ಹೇಳುತ್ತಾನೆ. ಅವುಗಳಲ್ಲಿ ಮೊದಲನೆಯದು ಸಂಭಾವನಾವಿರಹ. ಎಂದರೆ, ಹೀಗೆ ನಡೆಯುವುದು ಸಾಧ್ಯವೆಂಬ ನಂಬಿಕೆಯೇ ಹುಟ್ಟದಿರುವುದು. ಲೋಕಸಾಮಾನ್ಯವಲ್ಲದ ಘಟನೆಗಳನ್ನು ಹೇಳುವಾಗ ರಾಮನಂಥ ಪ್ರಖ್ಯಾತ ನಾಯಕನನ್ನು ಆರಿಸಿಕೊಳ್ಳಬೇಕು, ಆ ಹೆಸರಿನ ಪ್ರಸಿದ್ಧಿಯೇ ನಂಬಿಕೆಯನ್ನು ತಂದುಕೊಡುತ್ತದೆ ಎಂಬುದು ಅವನು ಸೂಚಿಸುವ ಪರಿಹಾರ. ಪ್ರೇತಪ್ರಣಯದ ಕಾದಂಬರಿಕಾರ್ತಿಗೆ ಇಂಥ ಪ್ರಖ್ಯಾತ ನಾಮದ ಆಸರೆಯಿಲ್ಲ. ಕ್ಯಾಬಟ್ ಅನುಸರಿಸುವ ದಾರಿ ಬೇರೆ. ಕಥೆಯನ್ನು ಹೇಳುವವಳು ಸ್ವತಃ ಸೂಸನ್ನಾ. ಮೂವರು ಮಲಸಹೋದರರಿಗೆ ಅಡ್ಡಹೆಸರಿಟ್ಟು, ಬಟ್ಟೆ ಚಪ್ಪಲಿಗಳ ಚಿಂತೆ ಮಾಡುತ್ತ, ಕೆಣಕಿದ ದೆವ್ವವನ್ನು ಗುದ್ದಿ ಸರಿದಾರಿಗೆ ತರುವ ಅವಳ ಧ್ವನಿಯಲ್ಲಿ ಅಲೌಕಿಕವು ಮನೆಗೆಲಸದ ಮಟ್ಟಕ್ಕೆ ಇಳಿಯುತ್ತದೆ. ಇದರ ಜೊತೆಗೆ ಆ ಲೋಕಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ: ಪ್ರೇತ ಎಲ್ಲರಿಗೂ ಕಾಣುವುದಿಲ್ಲ; ಕಾಣಬಲ್ಲವರು ಮುಟ್ಟಲೂ ಬಲ್ಲರು.

ಓದುಗರ ಸ್ಪಂದನದಲ್ಲಿ ಎದ್ದುಕಾಣುವುದು ಈ ನಿಯಮಗಳ ಬಗೆಗಿನ ಎಚ್ಚರ. ದೆವ್ವವಿದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳುವುದು, ಮೊದಲ ಪುಸ್ತಕದಲ್ಲಿ ಹೇಳಿದ ಮಾತಿಗೆ ಆರನೆಯ ಪುಸ್ತಕ ನಿಷ್ಠವಾಗಿದೆಯೇ ಎಂದು. ಹಾನ್ಸ್ ರಾಬರ್ಟ್ ಯೌಸ್ 'ನಿರೀಕ್ಷೆಯ ದಿಗಂತ' ಎಂದು ಕರೆದುದನ್ನು ಇಲ್ಲಿ ಕೃತಿಯ ಹೊರಗಿನ ಪರಂಪರೆಯಷ್ಟೇ ರೂಪಿಸುವುದಿಲ್ಲ. ಮಾಲೆಯ ಹಿಂದಿನ ಸಂಪುಟಗಳೇ ಮುಂದಿನದರ ದಿಗಂತವನ್ನು ಎಳೆಯುತ್ತವೆ. ನಾಲ್ಕನೆಯದಾದ 'ಡಾರ್ಕೆಸ್ಟ್ ಅವರ್' ಕಾದಂಬರಿಯನ್ನು ಮಾಲೆಯಲ್ಲೇ ಮೆಚ್ಚಿನದೆಂದು ಹೆಸರಿಸುವವರು ಹಲವರಿರುವುದಕ್ಕೆ ಇದೊಂದು ಕಾರಣವಿರಬೇಕು. ಜೆಸ್ಸಿಯ ಕೊಲೆಯ ರಹಸ್ಯ ಬಿಚ್ಚಿಕೊಳ್ಳುವುದು ಅಲ್ಲಿ. ಅವನ ಅವಶೇಷಗಳು ಅದೇ ಮನೆಯ ಹಿತ್ತಿಲಲ್ಲಿ ಸಿಗುತ್ತವೆ. ಅಲ್ಲಿಯವರೆಗೆ ಮಾತು, ನಗೆ, ಜಗಳಗಳ ಒಡನಾಡಿಯಾಗಿದ್ದವನು ನಿಜವಾಗಿ ಸತ್ತವನು ಎಂಬ ಅರಿವು ಓದುಗರಿಗೂ ನಾಯಕಿಗೂ ಒಟ್ಟಿಗೆ ತಾಗುತ್ತದೆ.

ಇಲ್ಲಿ ಸಾಮಾನ್ಯ ತಿಳಿವಳಿಕೆಯೊಂದನ್ನು ತಿದ್ದಿಕೊಳ್ಳಬೇಕಾಗಿದೆ. ಪ್ರೇತಪ್ರಿಯಕರ ಹರೆಯದ ಓದುಗರಿಗೆ ಹಿತವಾಗುವುದು ಅವನಿಗೆ ದೇಹವಿಲ್ಲದ ಕಾರಣ, ದೇಹವಿಲ್ಲದ ಪ್ರೀತಿ ಅಪಾಯವಿಲ್ಲದ್ದು ಎಂಬ ವಿವರಣೆ ಸುಲಭವಾಗಿ ಹೊಳೆಯುವಂಥದು. 'ದ ಮೀಡಿಯೇಟರ್' ಮಾಲೆಗೆ ಇದು ಹೊಂದುವುದಿಲ್ಲ. ಸೂಸನ್ನಾಳ ಮಟ್ಟಿಗೆ ಜೆಸ್ಸಿಗೆ ದೇಹವಿದೆ. ಅವನು ಅವಳ ಕೈ ಹಿಡಿಯಬಲ್ಲ. ಅವನಿಗೆ ಇಲ್ಲದಿರುವುದು ಸಾಕ್ಷಿ. ಅವನನ್ನು ತಾಯಿಗೆ ತೋರಿಸಿ ಇವನು ಇಂಥವನು ಎನ್ನುವಂತಿಲ್ಲ. ಶಾಲೆಯ ನೃತ್ಯಕೂಟಕ್ಕೆ ಕರೆದೊಯ್ಯುವಂತಿಲ್ಲ. ಗೆಳತಿಯರೆದುರು ಅವನ ಮೇಲೆ ಸಿಟ್ಟಾಗುವಂತೆಯೂ ಇಲ್ಲ. ನಂಬಬಹುದಾದ ಹಿರಿಯರೆಂದರೆ ಅದೇ ಶಕ್ತಿಯುಳ್ಳ ಪಾದ್ರಿ ಫಾದರ್ ಡಾಮಿನಿಕ್ ಒಬ್ಬರೇ. ಲೋಕದ ಕಣ್ಣಿಗೆ ಬೀಳದ ಪ್ರೀತಿ ಸುರಕ್ಷಿತವೂ ಹೌದು, ಅಸಹನೀಯವೂ ಹೌದು. ಮನೆಯಲ್ಲಿ ಹೇಳಲಾಗದ ಮೊದಲ ಪ್ರೀತಿಯನ್ನು ಎದೆಯಲ್ಲಿಟ್ಟುಕೊಂಡ ಯಾವ ಹದಿನಾರರ ಹುಡುಗಿಗೂ ಈ ಸ್ಥಿತಿ ವಿಚಿತ್ರವೆನಿಸುವುದಿಲ್ಲ. ಪ್ರೇತವೆಂಬುದು ಇಲ್ಲಿ ಭಯದ ವಿಭಾವವಾಗಿ ಬಂದಿಲ್ಲ. ಹೇಳಲಾಗದುದರ ರೂಪವಾಗಿ ಬಂದಿದೆ. ಸ್ಪ್ಯಾನಿಷ್ ಭಾಷೆಯಲ್ಲಿ 'ಪ್ರಿಯೆ' ಎಂಬರ್ಥದ 'ಕೆರೀದಾ' ಎಂಬ ಒಂದು ಸಂಬೋಧನೆಗೆ ಓದುಗರು ತೋರುವ ಅಕ್ಕರೆಯನ್ನು ಈ ನೆಲೆಯಲ್ಲಿಯೇ ಅರ್ಥೈಸಬೇಕು. ಎರಡನೆಯವರಿಗೆ ಕೇಳಿಸದ ದನಿಯಲ್ಲಿ ಬಂದ ಮಾತು ಅದು. ಅದನ್ನು ಕೇಳಿಸಿಕೊಂಡವರು ನಾಯಕಿ ಮತ್ತು ಓದುಗಳು ಇಬ್ಬರೇ. ಮಾಲೆಯಲ್ಲಿ ಜೆಸ್ಸಿಯ ಪ್ರೀತಿಗೆ ಸಾಕ್ಷಿಯಾಗಿ ನಿಲ್ಲುವ ಲೋಕವೆಂದರೆ ಓದುಗರ ಸಮೂಹವೇ ಎಂದು ಹೇಳಿದರೆ ಅತಿಶಯವಾಗಲಾರದು.

ಈ ಸಾಕ್ಷಿತ್ವದಲ್ಲಿ ಒಂದು ತೊಡಕಿದೆ. ಓದುಗರು ಬೆಳೆಯುತ್ತಾರೆ, ಪ್ರೇತ ಬೆಳೆಯುವುದಿಲ್ಲ. 2005ರಲ್ಲಿ ಹದಿಮೂರರ ಹುಡುಗಿಯಾಗಿದ್ದವಳು 2016ರ ಹೊತ್ತಿಗೆ ಇಪ್ಪತ್ತನಾಲ್ಕರ ಹೆಂಗಸು. ಇಪ್ಪತ್ತರ ಜೆಸ್ಸಿ ಈಗ ಅವಳಿಗಿಂತ ಕಿರಿಯ. ಮೊದಲ ಓದಿನಲ್ಲಿ ರಕ್ಷಣೆಯಾಗಿ ಕಂಡದ್ದು ಮರುಓದಿನಲ್ಲಿ ಕಾವಲಾಗಿ ಕಾಣುತ್ತದೆ. ನೂರೈವತ್ತು ವರ್ಷ ಹಳೆಯವನಾದ ಇಪ್ಪತ್ತರ ತರುಣ ಹದಿನಾರರವಳನ್ನು ಪ್ರೀತಿಸುವುದರ ಔಚಿತ್ಯದ ಪ್ರಶ್ನೆ ಏಳುವುದು ಸಾಮಾನ್ಯವಾಗಿ ಈ ಎರಡನೆಯ ಓದಿನಲ್ಲಿ. ಪಾಲ್ ಸ್ಲೇಟರ್ ಎಂಬ ಪಾತ್ರದ ಬಗೆಗಿನ ಅಭಿಪ್ರಾಯ ಪಲ್ಲಟಗೊಂಡದ್ದು ಇನ್ನೂ ಸ್ವಾರಸ್ಯಕರ. ಅವನು ಬದುಕಿರುವವನು, ಶ್ರೀಮಂತ, ನಾಯಕಿಯಂತೆಯೇ ಪ್ರೇತಗಳನ್ನು ಕಾಣಬಲ್ಲವನು. ಹಾಗಾಗಿ ಅವನೇ ಅವಳಿಗೆ ತಕ್ಕ ಜೋಡಿ ಎಂದು ವಾದಿಸಿದ ಓದುಗರ ಒಂದು ಪಂಗಡವೇ ಇತ್ತು. ಅವಳ ಇಷ್ಟಾನಿಷ್ಟಗಳನ್ನು ಲೆಕ್ಕಿಸದ ಅವನ ಒತ್ತಾಯವನ್ನು ಆಗ ಉತ್ಕಟತೆ ಎಂದು ಓದಿದವರಲ್ಲಿ ಅನೇಕರು ದೊಡ್ಡವರಾದ ಮೇಲೆ ಅದಕ್ಕೆ ಬೇರೆ ಹೆಸರು ಕೊಟ್ಟರು. 'ರಿಮೆಂಬ್ರೆನ್ಸ್'ನಲ್ಲಿ ಅದೇ ಪಾಲ್ ನಾಯಕಿಯ ಹಳೆಯ ಮನೆಯನ್ನು ಕೊಂಡು, ಅದನ್ನು ಕೆಡವುವ ಬೆದರಿಕೆಯೊಡ್ಡಿ ಅವಳನ್ನು ಬಲವಂತಪಡಿಸುತ್ತಾನೆ. ಲೇಖಕಿಯೂ ಓದುಗರ ಜೊತೆಗೆ ವಯಸ್ಸಾಗಿ ತನ್ನದೇ ಪಾತ್ರವನ್ನು ಮರುಓದಿದ್ದಾರೆ ಎಂದು ಇದನ್ನು ಗ್ರಹಿಸಬಹುದು. ಪಾತ್ರವನ್ನು ಹಾಳುಮಾಡಿದರು ಎಂದು ದೂರಿದವರೂ ಇದ್ದಾರೆ. ಅವರ ದೂರು ಪಾಲ್‌ನ ಬಗ್ಗೆಯೋ ತಾವು ಕಳೆದುಕೊಂಡ ಹದಿಮೂರರ ಓದಿನ ಬಗ್ಗೆಯೋ ಹೇಳುವುದು ಕಷ್ಟ.

ರಸವಿಘ್ನಗಳ ಪಟ್ಟಿಯಲ್ಲಿ ಓದುಗನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದೂ ಒಂದು. 'ಜೆಸ್ಸಿ ನನ್ನವನು' ಎನ್ನುವ ಹುಡುಗಿ ಆ ಲೆಕ್ಕದಲ್ಲಿ ಸಹೃದಯಳಲ್ಲ. ಆದರೆ ಹತ್ತು ವರ್ಷಗಳ ಬಳಿಕ ಅದೇ ಪುಸ್ತಕವನ್ನು ತೆರೆದು ತನ್ನ ಹಿಂದಿನ ವಶತೆಯನ್ನೇ ಪರೀಕ್ಷಿಸುವ ಓದುಗಳನ್ನು ಏನೆಂದು ಕರೆಯಬೇಕು? ತೀ.ನಂ.ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯ ಮೂಲಕ ಕನ್ನಡದ ತರಗತಿಗಳಿಗೆ ಪರಿಚಿತವಾದ ಸಹೃದಯ ಕಲ್ಪನೆಯಲ್ಲಿ ಅಭ್ಯಾಸದಿಂದ ಮನೋಮುಕುರ ನಿರ್ಮಲವಾಗುವ ಮಾತಿದೆ, ವಯಸ್ಸಾಗುವ ಮಾತಿಲ್ಲ. ಮಾಲಿಕಾ ಕಾದಂಬರಿಗಳ ಓದು ಈ ಕೊರತೆಯನ್ನು ಎತ್ತಿ ತೋರಿಸುತ್ತದೆ.

2005ರ ಮುಕ್ತಾಯ ಓದುಗರನ್ನು ಇಬ್ಭಾಗ ಮಾಡಿತು. ಪಾಲ್ ಕಾಲದಲ್ಲಿ ಹಿಂದಕ್ಕೆ ಹೋಗಿ ಜೆಸ್ಸಿಯ ಕೊಲೆಯನ್ನು ತಡೆಯಲು ಹೊರಡುತ್ತಾನೆ. ಮೇಲ್ನೋಟಕ್ಕೆ ಇದು ಉಪಕಾರ. ಆದರೆ ಅವನು 1850ರಲ್ಲಿ ಸಾಯದಿದ್ದರೆ ಪ್ರೇತವಾಗಿ ಉಳಿಯುವುದಿಲ್ಲ, ಸೂಸನ್ನಾಳನ್ನು ಕಾಣುವುದೂ ಇಲ್ಲ. ಪ್ರೀತಿಸಿದವನ ಆಯುಷ್ಯ ಮತ್ತು ತನ್ನ ಪ್ರೀತಿ, ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಬಹುದಾದ ಸಂದಿಗ್ಧ. ಹರೆಯದವರಿಗೆಂದು ಬರೆದ ಕಥೆಯಲ್ಲಿ ಇಷ್ಟು ತೂಕದ ಪ್ರಶ್ನೆ ವಿರಳ. ಆದರೆ ಕಾದಂಬರಿ ಆಯ್ಕೆಯ ಭಾರವನ್ನು ಕೊನೆಯವರೆಗೆ ಹೊರುವುದಿಲ್ಲ. ಜೆಸ್ಸಿಯ ಜೀವಂತ ದೇಹ ನಾಯಕಿಯೊಡನೆ ವರ್ತಮಾನಕ್ಕೆ ಬರುತ್ತದೆ, ಪ್ರೇತ ಆ ದೇಹವನ್ನು ಸೇರುತ್ತದೆ, ಜೆಸ್ಸಿ ಎಲ್ಲರಿಗೂ ಕಾಣುತ್ತಾನೆ. ಸಂತೋಷಪಟ್ಟವರು ಬಹಳ. ಸಂತೋಷದ ನಡುವೆಯೂ ಏನೋ ಕಳೆದುಹೋಯಿತು ಎಂದವರೂ ಕಡಮೆಯಿಲ್ಲ. ಜಾನಿಸ್ ರಾಡ್‌ವೇ 1984ರ 'ರೀಡಿಂಗ್ ದ ರೊಮ್ಯಾನ್ಸ್' ಅಧ್ಯಯನದಲ್ಲಿ ಮಾತನಾಡಿಸಿದ ಅಮೆರಿಕದ ಗೃಹಿಣಿಯರಿಗೆ ಸುಖಾಂತ್ಯವಿಲ್ಲದ ಪ್ರಣಯ ಕಾದಂಬರಿ ಪ್ರಣಯ ಕಾದಂಬರಿಯೇ ಅಲ್ಲ. ಕ್ಯಾಬಟ್ ಅವರ ಅತೃಪ್ತ ಓದುಗರು ಈ ನಿಯಮವನ್ನು ಮುರಿಯುವುದಿಲ್ಲ. ಅವರು ದುಃಖಾಂತ್ಯವನ್ನು ಕೇಳುತ್ತಿಲ್ಲ. ಸುಖಕ್ಕೆ ತೆತ್ತ ಬೆಲೆ ಎಲ್ಲಿ ಎಂದು ಕೇಳುತ್ತಿದ್ದಾರೆ. 'ರಿಮೆಂಬ್ರೆನ್ಸ್'ನಲ್ಲಿ ವೈದ್ಯ ವೃತ್ತಿ ಹಿಡಿದು, ಮದುವೆಗೆ ಮೊದಲು ಕೂಡುವುದಿಲ್ಲವೆಂಬ ಹಳೆಯ ಕಾಲದ ನಿಷ್ಠೆಯಲ್ಲಿರುವ ಜೆಸ್ಸಿಯನ್ನು ಕಂಡು ಕೆಲವರು ಮರುಗಿದರು, ಕೆಲವರು ತಾಳ್ಮೆಗೆಟ್ಟರು. ಸಾಕ್ಷಿಯಿಲ್ಲದಿದ್ದಾಗ ಘನವಾಗಿ ಕಂಡ ಸಂಯಮ, ಎಲ್ಲರೂ ನೋಡುತ್ತಿರುವಾಗ ಬರಿಯ ಹಟವಾಗಿ ಕಂಡದ್ದು ವಿಪರ್ಯಾಸ.

ಓದುಗರು ಮಾತನಾಡದ ಒಂದು ಸಂಗತಿಯನ್ನೂ ಹೇಳಬೇಕು. ಜೆಸ್ಸಿ ಸತ್ತ 1850, ಕ್ಯಾಲಿಫೋರ್ನಿಯ ಅಮೆರಿಕದ ರಾಜ್ಯವಾದ ವರ್ಷ. ಎರಡು ವರ್ಷ ಹಿಂದಿನ ಒಪ್ಪಂದದಲ್ಲಿ ಆ ಪ್ರದೇಶ ಮೆಕ್ಸಿಕೊದ ಕೈತಪ್ಪಿತ್ತು. ಅವನಂಥ ಸ್ಪ್ಯಾನಿಷ್ ಮಾತಿನ ಭೂಮಾಲೀಕ ಕುಟುಂಬಗಳು ಮುಂದೆ ನೆಲ ಕಳೆದುಕೊಂಡವು. ಆ ಮನೆಯಲ್ಲಿ ಉಳಿದುಹೋದ ಪ್ರೇತ ಒಂದು ಸಮುದಾಯದ ನೆನಪೂ ಹೌದು. ಸ್ಪಂದನಗಳಲ್ಲಿ ಇದರ ಸುಳಿವು ಅಪರೂಪ. ನಾಯಕಿಯ ಶಾಲೆಗಿರುವ ಹೆಸರು ಹುನಿಪೆರೋ ಸೆರ್ರಾ ಎಂಬ ಹದಿನೆಂಟನೆಯ ಶತಮಾನದ ಮಿಶನರಿಯದು. 2015ರಲ್ಲಿ ಸೆರ್ರಾಗೆ ಸಂತಪದವಿ ದೊರೆಯಿತು; ಮೂಲನಿವಾಸಿಗಳ ಮೇಲಿನ ದಬ್ಬಾಳಿಕೆಯ ನೆನಪಿನಲ್ಲಿ 2020ರಲ್ಲಿ ಅವನ ಪ್ರತಿಮೆಗಳು ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್‌ಗಳಲ್ಲಿ ಉರುಳಿದವು. ಈಗ ಈ ಮಾಲೆಯನ್ನು ಮೊದಲ ಬಾರಿಗೆ ತೆರೆಯುವ ಅಲ್ಲಿನ ಹುಡುಗಿಗೆ ಶಾಲೆಯ ಫಲಕವೂ ಒಂದು ಪ್ರೇತದ ಹೆಸರಾಗಿ ಕಾಣಬಹುದು.

ಮುಕ್ತಾಯದ ಬಗೆಗಿನ ಈ ಜಗಳ ಕನ್ನಡದ ಓದುಗರಿಗೆ ಅಪರಿಚಿತವಲ್ಲ. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ (1988) ರಾತ್ರಿ ಗಂಡನ ರೂಪದಲ್ಲಿ ಬರುವವನನ್ನು ಊರು ಕಂಡಿಲ್ಲ. ಆ ಕಾಣದ ಪ್ರೀತಿಗೆ ರಾಣಿ ಊರ ಪಂಚಾಯಿತಿಯೆದುರು ಹುತ್ತಕ್ಕೆ ಕೈಯಿಟ್ಟು ಪ್ರಮಾಣ ಮಾಡಬೇಕಾಗುತ್ತದೆ. ನಾಟಕದೊಳಗೆ ಕುಳಿತು ಕಥೆ ಕೇಳುತ್ತಿರುವವರಿಗೆ ನಾಗನ ಸಾವಿನೊಂದಿಗೆ ಮುಗಿಯುವ ಅಂತ್ಯ ಒಪ್ಪಿಗೆಯಾಗುವುದಿಲ್ಲ. ಆಗ ಇನ್ನೊಂದು ಅಂತ್ಯ ಬರುತ್ತದೆ. ಅದರಲ್ಲಿ ನಾಗ ಸಾಯುವುದಿಲ್ಲ, ಆದರೆ ಮನುಷ್ಯನಾಗಿ ಊರೆದುರು ಬಂದು ನಿಲ್ಲುವುದೂ ಇಲ್ಲ. ಅವನಿಗೆ ಸಿಗುವ ಜಾಗ ರಾಣಿಯ ತಲೆಗೂದಲು. ಕ್ಯಾಬಟ್ ಅವರ ಅತೃಪ್ತ ಓದುಗರು ಜೆಸ್ಸಿಗಾಗಿ ಹುಡುಕುತ್ತಿದ್ದುದು ಬಹುಶಃ ಇಂಥದೇ ಒಂದು ಜಾಗವನ್ನು: ಜೀವ ಉಳಿಯಬೇಕು, ಕಣ್ಣಿಗೆ ಬೀಳಬಾರದು.