ದಂಡು ನಡೆಸುವವನ ಬಿರುದು

1634ರ ವಸಂತದಲ್ಲಿ ಮಾಸ್ಕೋ ನಗರದಲ್ಲಿ ಮಿಖಾಯಿಲ್ ಶೇಯಿನ್ ಎಂಬ ಸೇನಾಪತಿಯ ಶಿರಚ್ಛೇದವಾಯಿತು. ಹದಿನೈದು ವರ್ಷಗಳ ಹಿಂದೆ ಆತನು ಶತ್ರುವಿನ ಸೆರೆಯಿಂದ ಮರಳಿದಾಗ ಇದೇ ನಗರವು ಆತನನ್ನು ಗೌರವದಿಂದ ಬರಮಾಡಿಕೊಂಡಿದ್ದಿತು. ಅಂದೂ ಇಂದೂ ಆತನ ಬಿರುದು ಒಂದೇ: ವೊಯೆವೊದ.

ಸ್ಲಾವ್ ಭಾಷೆಗಳಲ್ಲಿ 'ವೊಯ್' ಎಂದರೆ ಯುದ್ಧ, ದಂಡು; 'ವೊದಿತಿ' ಎಂದರೆ ನಡೆಸುವುದು. ನಮ್ಮ 'ಸೇನಾನಿ' ಶಬ್ದವೂ ಇದೇ ಅಚ್ಚಿನದು. ಕ್ರಿ. ಶ. 950ರ ಸುಮಾರಿಗೆ ಬೈಜಾಂಟಿಯಮ್ ಚಕ್ರವರ್ತಿ ಏಳನೆಯ ಕಾನ್‌ಸ್ಟಂಟೈನನು ಮಗನಿಗಾಗಿ ರಚಿಸಿದ ರಾಜನೀತಿಯ ಗ್ರಂಥದಲ್ಲಿ ಈ ಬಿರುದು ಕಾಣಿಸುತ್ತದೆ. ವಿನೋದವೆಂದರೆ, ಅಲ್ಲಿ ಅದು ಸಂದಿರುವುದು ಸ್ಲಾವರಿಗಲ್ಲ, ಮಗ್ಯಾರರ ನಾಯಕರಿಗೆ!

ಯುದ್ಧ ಮುಗಿದ ಮೇಲೆ ದಂಡಿನ ನಾಯಕನಿಗೆ ಕೆಲಸವೇನು? ಸೀಮೆಯನ್ನು ಕಾಯಬೇಕು, ಕಂದಾಯ ಎತ್ತಬೇಕು, ನ್ಯಾಯ ಹೇಳಬೇಕು. ಹೀಗೆ ಖಡ್ಗ ಹಿಡಿದ ಕೈಗೆ ಕಡತವೂ ಬಂದಿತು. ಪೋಲೆಂಡಿನಲ್ಲಿ ವೊಯೆವೊದನು ಪ್ರಾಂತಾಧಿಕಾರಿಯಾದನು. ವಲ್ಲಾಚಿಯ, ಮೊಲ್ದಾವಿಯಗಳಲ್ಲಿಯಂತೂ ದೊರೆಯೇ ಆ ಹೆಸರನ್ನು ಧರಿಸಿದನು; ಡ್ರಾಕುಲಾ ಎಂದು ಲೋಕವೆಲ್ಲ ಬಲ್ಲ ಮೂರನೆಯ ವ್ಲಾದನು ವಲ್ಲಾಚಿಯದ ವೊಯೆವೊದನೇ.

ರಷ್ಯದಲ್ಲಿ 17ನೆಯ ಶತಮಾನದ ವೊಯೆವೊದನು ಕೋಟೆಯ ಒಡೆಯನೂ ಹೌದು, ಊರಿನ ಅಧಿಕಾರಿಯೂ ಹೌದು. ಸ್ಮೊಲೆನ್ಸ್ಕ್ ಕೋಟೆಯ ಭಾರ ಹೊತ್ತಿದ್ದ ಶೇಯಿನನು 1609ರಿಂದ ಇಪ್ಪತ್ತು ತಿಂಗಳು ಪೋಲೆಂಡಿನ ರಾಜನನ್ನು ತಡೆದನು. ಹಸಿವು, ರೋಗಗಳಿಂದ ಊರು ಬರಿದಾಯಿತು. ಆದರೂ ಆತನು ಬಾಗಿಲು ತೆರೆಯಲಿಲ್ಲ. 1611ರಲ್ಲಿ ಕೋಟೆ ಬಿದ್ದಾಗ ಸೆರೆಯಾದನು. ಎಂಟು ವರ್ಷಗಳ ಬಳಿಕ ಬಿಡುಗಡೆಯಾಯಿತು. 1632ರಲ್ಲಿ ಅದೇ ಕೋಟೆಯನ್ನು ಗೆದ್ದು ತರಲು ಅವನನ್ನೇ ಕಳುಹಿದರು. ಆದರೆ ಮುತ್ತಿದವನನ್ನೇ ಪೋಲೆಂಡಿನ ಹೊಸ ರಾಜನು ಬಂದು ಮುತ್ತಿದನು. ಶೇಯಿನನು ಧ್ವಜಗಳನ್ನು ಆ ರಾಜನ ಪಾದದ ಬಳಿ ಇರಿಸಿ, ಉಳಿದ ಸೈನಿಕರೊಡನೆ ಹಿಂದಿರುಗಿದನು. ಮಾಸ್ಕೋ ಅದನ್ನು ದ್ರೋಹವೆಂದು ಬಗೆಯಿತು.

ಯಾರ ಕೈಕೆಳಗೆ ಯಾರು ನಿಲ್ಲಬೇಕೆಂಬುದನ್ನು ಅಲ್ಲಿ ಶೌರ್ಯಕ್ಕಿಂತ ವಂಶವೇ ನಿರ್ಣಯಿಸುತ್ತಿದ್ದ ಕಾಲವದು. ಆ ಪದ್ಧತಿಯನ್ನು 1682ರಲ್ಲಿ ರದ್ದುಗೊಳಿಸಿ, ಅಂತಸ್ತಿನ ಪುಸ್ತಕಗಳನ್ನು ಸುಟ್ಟರು. 1775ರಲ್ಲಿ ಎರಡನೆಯ ಕ್ಯಾಥರೀನಳ ಆಡಳಿತ ಸುಧಾರಣೆಯಿಂದ ವೊಯೆವೊದನ ಅಧಿಕಾರವೇ ಹೋಯಿತು.

ಪೋಲೆಂಡಿನಲ್ಲಿ ಮಾತ್ರ ಹೆಸರು ಬದುಕಿದೆ. 1999ರಿಂದ ಅಲ್ಲಿ 16 ಪ್ರಾಂತಗಳು; ಪ್ರಧಾನಮಂತ್ರಿ ನೇಮಿಸುವ ವೊಯೆವೊದನಿಗೆ ಈಗ ಖಡ್ಗದ ಗೊಡವೆಯಿಲ್ಲ. ಸರ್ಬಿಯದಲ್ಲಿ ಅದು ಮಹಾದಂಡನಾಯಕನ ಪದವಿಯಾಯಿತು. 1912ರಲ್ಲಿ ಅದನ್ನು ಮೊದಲು ಪಡೆದವನು ರಾದೊಮಿರ್ ಪುತ್ನಿಕ್. 1915ರ ಚಳಿಗಾಲದಲ್ಲಿ ಸೇನೆ ಹಿಮ್ಮೆಟ್ಟಿದಾಗ, ಕಾಯಿಲೆಯಿಂದ ನಡೆಯಲಾರದ ಈ ವೃದ್ಧನನ್ನು ಸೈನಿಕರು ಮುಚ್ಚಿದ ಕುರ್ಚಿಯಲ್ಲಿ ಕುಳ್ಳಿರಿಸಿ, ಅಲ್ಬೇನಿಯದ ಹಿಮದ ಬೆಟ್ಟಗಳ ಮೇಲೆ ಹೊತ್ತು ನಡೆದರು.