‘ಒಂದ್ ಮಿನಿಟ್ ಅವ್ವಾ, ಮ್ಯಾಚ್ ಮುಗೀಲಿ!’

ಬಿಸಿ ರೊಟ್ಟಿ ತಟ್ಟೆಗೆ ಬಿದ್ದಿದೆ, ಪುಂಡಿ ಪಲ್ಯ ಆರುತ್ತಿದೆ. ಮಗ ಮಾತ್ರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ‘ಎಡಗಡೆ ಮನೆಯಾಗ ಇಬ್ಬರಿದ್ದಾರ, ಹೊಡಿಯೋ!’ ಅಂತ ಕಿರುಚುತ್ತಿದ್ದಾನೆ. ಹತ್ತು ಸಲ ಕರೆದರೂ ಒಂದೇ ಉತ್ತರ, ‘ಒಂದ್ ಮಿನಿಟ್...’ ನಿಮ್ಮನೆಯಲ್ಲೂ ಇದೇ ಕಥೆಯಾ?

ಬಸವಕಲ್ಯಾಣದ ಗೃಹಿಣಿಯೊಬ್ಬರು ಒಂದು ರಾತ್ರಿ ಸಿಟ್ಟಿನಲ್ಲಿ ಮೊಬೈಲ್ ಕಿತ್ತುಕೊಂಡು ಸ್ವಿಚ್ ಆಫ್ ಮಾಡಿಯೇಬಿಟ್ಟರು. ಹತ್ತನೇ ಕ್ಲಾಸಿನ ಮಗ ಎರಡು ದಿನ ಮಾತು ಬಿಟ್ಟ, ಊಟವನ್ನೂ ಸರಿಯಾಗಿ ಮಾಡಲಿಲ್ಲ. ಅಷ್ಟರಲ್ಲಿ ಹುಮನಾಬಾದಿನಿಂದ ತಂಗಿಯ ಫೋನು: ‘ಅಕ್ಕಾ, ನಿನ್ನ ಮಗ ನಡುವೆ ಬಿಟ್ಟು ಹೋದ ಅಂತ ನನ್ನ ಮಗ ಇಲ್ಲಿ ಮುಖ ಊದಿಸಿಕೊಂಡು ಕೂತಾನ!’ ಇಬ್ಬರು ಹುಡುಗರೂ ಎರಡು ಊರಲ್ಲಿ ಕೂತು ಒಂದೇ ತಂಡದಲ್ಲಿ ಆಡುತ್ತಿದ್ದಾರೆ ಅಂತ ಅಮ್ಮಂದಿರಿಗೆ ಗೊತ್ತಾಗಿದ್ದೇ ಆಗ.

ನಡುವೆ ನಿಲ್ಲಿಸೋಕೆ ಯಾಕೆ ಆಗಲ್ಲ?

ಈ ಯುದ್ಧದ ಆಟಗಳನ್ನು ಒಬ್ಬರೇ ಆಡೋದು ಕಡಿಮೆ. ಪಬ್ಜಿ ಮೊಬೈಲ್ ಅನ್ನು ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತ್ತು. 2021ರ ಜುಲೈನಲ್ಲಿ ಅದು ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂತು. ಇದರಲ್ಲಿ 100 ಮಂದಿ ಪ್ಯಾರಾಚೂಟ್‌ನಲ್ಲಿ ದ್ವೀಪಕ್ಕೆ ಇಳಿದು, ಬಂದೂಕು ಹುಡುಕಿಕೊಂಡು ಕಾದಾಡುತ್ತಾರೆ. ಕೊನೆಗೆ ಉಳಿದವರೇ ಗೆದ್ದಂತೆ. ನಾಲ್ವರ ತಂಡ ಕಟ್ಟಿಕೊಂಡರೆ ಒಂದು ಮ್ಯಾಚ್ ಸುಮಾರು ಅರ್ಧ ಗಂಟೆ ಹಿಡಿಯಬಹುದು. ಬಂದೂಕು ಹಿಡಿದವನ ಕಣ್ಣಿಂದಲೇ ಎಲ್ಲ ಕಾಣುವ ಕಾಲ್ ಆಫ್ ಡ್ಯೂಟಿ ಮೊಬೈಲ್‌ನಲ್ಲಿ ಐದೈದು ಜನರ ಪಂದ್ಯ ಸುಮಾರು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಡುವೆ ಒಬ್ಬ ಎದ್ದು ಹೋದರೆ ಜೊತೆಗಾರರ ಆಟವೂ ಕೆಡುತ್ತದೆ. ಆಟ ಗುಂಪಿನದು ಅಂದಮೇಲೆ ಶಿಸ್ತೂ ಗುಂಪಿಗೇ ಬೇಕು ತಾನೇ?

ಹೀಗೆ ಮಾಡಿ ನೋಡಿ

* ನಿಮಿಷ ಬೇಡ, ಮ್ಯಾಚ್ ಎಣಿಸಿ. ಊಟಕ್ಕೆ 40 ನಿಮಿಷ ಮುಂಚೆಯೇ ‘ಇದೇ ಕೊನೇದು’ ಅಂತ ಹೇಳಿಬಿಡಿ. ಅದು ಮುಗಿದ ಕೂಡಲೇ ಫೋನು ನಿಮ್ಮ ಕೈಗೆ ಬರಲೇಬೇಕು.

* ಜೊತೆಗಾರರ ಅಮ್ಮಂದಿರ ಜೊತೆ ಮಾತಾಡಿ. ಎಲ್ಲರ ಮನೆಯಲ್ಲೂ ಒಂದೇ ಸಮಯಕ್ಕೆ ಆಟ ಬಂದ್ ಆದರೆ ‘ಅವನ ಅವ್ವ ಬಿಡ್ತಾಳ’ ಅನ್ನೋ ವಾದಕ್ಕೆ ಜಾಗವೇ ಇರಲ್ಲ.

* ಖಾತೆಯಲ್ಲಿ ನಿಜವಾದ ವಯಸ್ಸು ಹಾಕಿದ್ದಾನಾ ನೋಡಿ. ಬಿಜಿಎಂಐನಲ್ಲಿ 18 ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಇದೆ. ಸುಳ್ಳು ವಯಸ್ಸು ಹಾಕಿದರೆ ಆ ಮಿತಿ ತಪ್ಪಿಹೋಗುತ್ತದೆ. ಹಾಗಂತ ಮೂರು ಗಂಟೆ ಆಡಲೇಬೇಕು ಅಂತೇನಿಲ್ಲ!

* ಬಟ್ಟೆ, ಬಂದೂಕಿನ ಬಣ್ಣ ಅಂತ ಆಟದೊಳಗೇ ಅಂಗಡಿ ಇರುತ್ತದೆ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ.

* ಗುರುತಿಲ್ಲದವರ ಜೊತೆ ಆಡುವಾಗ ಮೈಕ್ ಬಂದ್ ಇರಲಿ. ಹೆಸರು, ಶಾಲೆ, ಫೋನ್ ನಂಬರ್ ಯಾರಿಗೂ ಹೇಳಬಾರದು ಅಂತ ತಿಳಿಸಿಕೊಡಿ.

ಯಾವಾಗ ಎಚ್ಚರ ಬೇಕು?

ಆಡುವ ಮಕ್ಕಳೆಲ್ಲ ಚಟ ಹತ್ತಿಸಿಕೊಂಡವರಲ್ಲ. ಆದರೆ ಹಿಡಿತ ತಪ್ಪಿ, ಓದು, ನಿದ್ದೆ, ಗೆಳೆಯರು ಎಲ್ಲಕ್ಕಿಂತ ಆಟವೇ ಹೆಚ್ಚಾಗಿ, ತೊಂದರೆ ಆಗ್ತಿದೆ ಅಂತ ಗೊತ್ತಿದ್ದೂ ಬಿಡಲಾಗದಿದ್ದರೆ ಅಸಡ್ಡೆ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಈಗ ಇದಕ್ಕೂ ಜಾಗವಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ ‘ಷಟ್’ ಕ್ಲಿನಿಕ್ ತೆರೆಯಿತು. ಅಷ್ಟು ದೂರ ಹೋಗಲಾಗದವರು ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆ ಅಕ್ಕ ತಂಗಿ ಮಾತಾಡಿಕೊಂಡು ದಿನಕ್ಕೆ ಎರಡೇ ಮ್ಯಾಚ್, ಎಂಟೂವರೆಗೆ ಎರಡೂ ಮನೆಯಲ್ಲಿ ಫೋನ್ ಬಂದ್ ಅಂತ ಮಾಡಿದರು. ಮೊದಲ ವಾರ ಗೊಣಗಾಟ ಇತ್ತು, ಆಮೇಲೆ ರೂಢಿಯಾಯಿತು. ಇವತ್ತು ಮಗ ಊಟಕ್ಕೆ ಕೂತಾಗ ಬೈಯುವ ಬದಲು ‘ಯಾರು ಗೆದ್ರೋ?’ ಅಂತ ಒಮ್ಮೆ ಕೇಳಿ ನೋಡಿ. ನಿಮ್ಮ ಜೊತೆ ಮಾತಾಡುವ ಮಗ, ನಿಮ್ಮ ಮಾತನ್ನೂ ಕೇಳುತ್ತಾನೆ.