ಒಂಟಿ ಸೈಕಲ್, ಒಂದು ಡೇರೆ: ರಾತ್ರಿ ಯಾರ ನೆಲದಲ್ಲಿ ಮಲಗುವುದು?

ಸೈಕಲ್ಲಿಗೆ ಡೇರೆ, ಒಲೆ, ಬಟ್ಟೆ ಕಟ್ಟಿಕೊಂಡು ಹಳ್ಳಿಗಾಡಿನಲ್ಲಿ ದಿನಗಟ್ಟಲೆ ತಿರುಗುವ ಹವ್ಯಾಸ ಬ್ರಿಟನ್ನಿನಲ್ಲಿ ಹಳೆಯದು. ಇದನ್ನು ರೂಢಿಗೆ ತಂದವರಲ್ಲಿ ಮುಖ್ಯನಾದವನು ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ಲಂಡನ್ನಿನ ದರ್ಜಿ. 1853ರಲ್ಲಿ, ಒಂಬತ್ತು ವರ್ಷದ ಹುಡುಗನಾಗಿದ್ದಾಗ, ಹೆತ್ತವರೊಂದಿಗೆ ಅಮೆರಿಕದ ಹುಲ್ಲುಗಾವಲುಗಳನ್ನು ಬಂಡಿಯಲ್ಲಿ ದಾಟಿದ್ದವನು ಅವನು. 1897ರಲ್ಲಿ ಐರ್ಲೆಂಡಿನ ಕಾನಮಾರಾ ಪ್ರದೇಶದಲ್ಲಿ ಸಂಗಡಿಗರ ಜೊತೆ ಸೈಕಲ್ ತುಳಿದು, ಡೇರೆಯಲ್ಲಿ ಮಲಗಿ ಬಂದ. ಮರುವರ್ಷ ಆ ಬಗ್ಗೆ ಪುಸ್ತಕವನ್ನೂ ಬರೆದ. ಸೈಕಲ್ ಹೊರಬಲ್ಲಷ್ಟು ಹಗುರವಾದ ಡೇರೆ ಬೇಕೆಂದರೆ ಅದನ್ನು ಯೋಚಿಸಲು ದರ್ಜಿಗಿಂತ ತಕ್ಕವರು ಬೇರೆ ಯಾರು? 1901ರಲ್ಲಿ ಸೈಕಲ್ ಶಿಬಿರಿಗರ ಸಂಘವೇ ಹುಟ್ಟಿತು.

ಹೊರೆಯ ಸಮಸ್ಯೆ ಹೀಗೆ ಬಗೆಹರಿಯಿತು. ಆದರೆ ಅದಕ್ಕಿಂತ ದೊಡ್ಡ ಸಮಸ್ಯೆ ಹಾಗೇ ಉಳಿಯಿತು. ಸಂಜೆಯಾದಾಗ ಆ ಡೇರೆಯನ್ನು ಯಾರ ನೆಲದಲ್ಲಿ ಹಾಕುವುದು? ಹಸಿರು ಗುಡ್ಡ ಕಣ್ಣಿಗೆ ಬಯಲಿನಂತೆ ಕಂಡರೂ ಅದಕ್ಕೊಬ್ಬ ಒಡೆಯ ಇದ್ದೇ ಇರುತ್ತಾನೆ. ಇಂಗ್ಲೆಂಡಿನಲ್ಲಿ ಗುಡ್ಡದ ಮೇಲೆ ನಡೆಯುವ ಹಕ್ಕಿಗೇ ಜನ ಜೈಲು ಕಂಡಿದ್ದಾರೆ. 1932ರ ಏಪ್ರಿಲ್‌ 24ರಂದು ನೂರಾರು ಕಾರ್ಮಿಕ ಯುವಕರು ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ, ಬೇಟೆಗೆಂದು ಕಾಯ್ದಿಟ್ಟಿದ್ದ ಖಾಸಗಿ ನೆಲಕ್ಕೆ, ಬೇಕೆಂದೇ ನುಗ್ಗಿದರು. ಐವರಿಗೆ ಜೈಲು ಶಿಕ್ಷೆಯಾಯಿತು.

ಇಂದಿಗೂ ಅಲ್ಲಿ ಒಡೆಯನ ಒಪ್ಪಿಗೆಯಿಲ್ಲದೆ ಡೇರೆ ಹಾಕುವ ಹಕ್ಕು ಸಾಮಾನ್ಯವಾಗಿ ಇಲ್ಲ. ಡಾರ್ಟ್‌ಮೂರ್ ಎಂಬ ಬಯಲು ಸೀಮೆಗೆ ಮಾತ್ರ 1985ರ ಒಂದು ಕಾಯ್ದೆಯ ರಕ್ಷಣೆಯಿದೆ. ಅದನ್ನೂ ಜಮೀನುದಾರ ದಂಪತಿ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2023ರ ಜನವರಿಯಲ್ಲಿ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಅದೇ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜನರ ಹಕ್ಕನ್ನು ಎತ್ತಿಹಿಡಿಯಿತು. ಒಂದು ರಾತ್ರಿ ಹುಲ್ಲಿನ ಮೇಲೆ ಮಲಗುವ ವಿಷಯ ದೇಶದ ಅತ್ಯುನ್ನತ ನ್ಯಾಯಪೀಠದವರೆಗೆ ಹೋಯಿತೆಂದರೆ, ಅದು ಬರೀ ಮೋಜಿನ ಮಾತಲ್ಲವೆಂದು ತಿಳಿಯಬೇಕು. ಸೈಕಲ್ ಸವಾರರಿಗೆ ಮಾತ್ರ ಇದರಿಂದ ಹೆಚ್ಚೇನೂ ದಕ್ಕಲಿಲ್ಲ. ಆ ಕಾಯ್ದೆ ಹೇಳುವುದು ಕಾಲ್ನಡಿಗೆಯವರ ಮತ್ತು ಕುದುರೆ ಸವಾರರ ವಿಷಯವನ್ನಷ್ಟೆ.

ಗಡಿ ದಾಟಿ ಸ್ಕಾಟ್ಲೆಂಡಿಗೆ ಹೋದರೆ ನಿಯಮವೇ ಬೇರೆ. 2003ರ ಭೂಸುಧಾರಣಾ ಕಾಯ್ದೆ (ಜಾರಿಗೆ ಬಂದದ್ದು 2005ರಲ್ಲಿ) ಯಂತ್ರವಿಲ್ಲದೆ ಸಾಗುವ ಎಲ್ಲರಿಗೂ ಹೆಚ್ಚಿನ ನೆಲ, ನೀರುಗಳ ಮೇಲೆ ಸಂಚರಿಸುವ ಹಕ್ಕು ಕೊಟ್ಟಿದೆ. ಸೈಕಲ್ಲೂ ಅದರಲ್ಲಿ ಸೇರಿದೆ, ಹಗುರ ಡೇರೆಯಲ್ಲಿ ತಂಗುವುದೂ ಸೇರಿದೆ. ಆದರೆ ಹಕ್ಕಿನ ಜೊತೆಗೇ ಹೊಣೆಯನ್ನೂ ಬರೆದಿಟ್ಟಿದ್ದಾರೆ. ಮನೆಯಂಗಳ, ಬೆಳೆ ನಿಂತ ಹೊಲ ಬೇಡ. ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿಗಿಂತ ಹೆಚ್ಚು ಬೇಡ. ಅಡುಗೆಗೆ ಬೆಂಕಿ ಹಾಕುವುದಕ್ಕಿಂತ ಸಣ್ಣ ಒಲೆ ಮೇಲು. ಮೂತ್ರಕ್ಕೆ ಹೋಗುವಾಗಲೂ ಹೊಳೆ, ಕೆರೆಗಳಿಂದ ಕನಿಷ್ಠ 30 ಮೀಟರ್ ದೂರವಿರಬೇಕು.

ಮೊದಲ ಸಲ ಒಬ್ಬರೇ ಹೊರಡುವವರಿಗೆ ಗ್ಲಾಸ್ಗೋದಿಂದ ಇನ್ವರ್ನೆಸ್‌ಗೆ ಹೋಗುವ 7ನೇ ಸಂಖ್ಯೆಯ ರಾಷ್ಟ್ರೀಯ ಸೈಕಲ್ ಮಾರ್ಗ ಒಳ್ಳೆಯ ಆಯ್ಕೆ. ದೂರ ಸುಮಾರು 345 ಕಿ.ಮೀ. ಹೊರೆ ಹೊತ್ತ ಸೈಕಲ್ಲಿನಲ್ಲಿ ದಿನಕ್ಕೆ 60 ಕಿ.ಮೀ. ಎಂದರೂ ಆರು ದಿನ. ಗ್ಲೆನ್ ಓಗಲ್ ಕಣಿವೆಯಲ್ಲಿ ಈ ದಾರಿ ಹಳೆಯ ರೈಲು ಹಾದಿಯ ಮೇಲೆಯೇ ಸಾಗುತ್ತದೆ. 1965ರಲ್ಲಿ ಬಂಡೆ ಕುಸಿದು ರೈಲು ನಿಂತಿತು. ಅದರ ಕಲ್ಲಿನ ಸೇತುವೆಯ ಮೇಲೆ ಈಗ ಸೈಕಲ್ಲುಗಳು ಓಡುತ್ತವೆ. ರೈಲಿಗೆಂದು ಮಾಡಿದ ಹಾದಿಯಾದ್ದರಿಂದ ಅಲ್ಲಿ ಏರು ಸೌಮ್ಯ. ಮುಂದೆ ಡ್ರಮೋಕ್ಟರ್ ಕಣಿವೆದಾರಿ 450 ಮೀಟರಿಗೂ ಮೇಲೇರುತ್ತದೆ. ಅಲ್ಲಿ ಎದುರುಗಾಳಿ, ಮಳೆ ಸೇರಿದರೆ ಕಾಲಿಗಿಂತ ಮನಸ್ಸು ಮೊದಲು ಸೋಲುತ್ತದೆ.

ಸಾಮಾನಿನ ಬಗ್ಗೆ ಹೇಳುವುದು ಕಡಿಮೆ. ಭಾರವೆಲ್ಲ ಚಕ್ರದ ಎರಡು ಬದಿಯ ಚೀಲಗಳಲ್ಲಿ, ಆದಷ್ಟು ಕೆಳಗೆ ಇರಬೇಕು. ಬೆನ್ನ ಮೇಲೆ ಏನೂ ಬೇಡ. ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು. ಹಳ್ಳಿಗಳಲ್ಲಿ ಹಲಾಲ್ ಮಾಂಸ ಹುಡುಕಿಕೊಂಡು ಅಲೆಯುವ ಬದಲು ಅಕ್ಕಿ, ಬೇಳೆ ಜೊತೆಗಿದ್ದರೆ ನಿಶ್ಚಿಂತೆ. ಜೂನ್ ಕೊನೆಯಲ್ಲಿ ಇನ್ವರ್ನೆಸ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ, ಹುಟ್ಟುವುದು ನಾಲ್ಕೂವರೆಗೂ ಮೊದಲು. ನಮ್ಮಲ್ಲಿ ಏಳರ ಸುಮಾರಿಗೆ ಮುಗಿಯುವ ಮಗ್ರಿಬ್ ಅಲ್ಲಿ ಹತ್ತರ ನಂತರ. ಕಿಬ್ಲಾ ಪಶ್ಚಿಮಕ್ಕಲ್ಲ, ಆಗ್ನೇಯಕ್ಕೆ.

ಬೆಳಕು ಹೆಚ್ಚಿದೆಯೆಂದು ಕತ್ತಲಾಗುವವರೆಗೂ ತುಳಿಯುವುದು ಜಾಣತನವಲ್ಲ. ಜಾಗ ಹುಡುಕಲು ಸಮಯ ಬೇಕು. ಗಾಳಿಯಾಡದ ತಗ್ಗಿನಲ್ಲಿ ಡೇರೆ ಹಾಕಿದರೆ ಮಿಜ್ ಎಂಬ ನೊರಜುಗಳು ಮೋಡದಂತೆ ಮುತ್ತಿ ಕಡಿಯುತ್ತವೆ. ತುಸು ಗಾಳಿ ಬೀಸುವ ದಿಬ್ಬವಾದರೆ ಅವು ನಿಲ್ಲಲಾರವು. ಉದ್ದ ಹುಲ್ಲಿನಲ್ಲಿ ಉಣ್ಣಿಗಳೂ ಇರುತ್ತವೆ. ನಮ್ಮ ಮಲೆನಾಡಿನಲ್ಲಿ ಉಣ್ಣಿಯಿಂದ ಮಂಗನ ಕಾಯಿಲೆ ಹರಡುವಂತೆ ಅಲ್ಲಿ ಲೈಮ್ ರೋಗ ಹರಡುತ್ತದೆ. ಮಲಗುವ ಮುನ್ನ ಕಾಲುಗಳನ್ನು ಪರೀಕ್ಷಿಸಿಕೊಳ್ಳಬೇಕು.

ಒಬ್ಬರೇ ಇರುವಾಗ ಸಣ್ಣ ಅಪಘಾತವೂ ದೊಡ್ಡದಾಗುತ್ತದೆ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದ ಕಡೆಗಳು ಬಹಳ. ಬ್ರಿಟನ್ನಿನ ತುರ್ತು ಸಂಖ್ಯೆ 999ಕ್ಕೆ ಸಂದೇಶ ಕಳಿಸಿ ಮೊದಲೇ ಹೆಸರು ನೋಂದಾಯಿಸಿದ್ದರೆ, ಮಾತಾಡಲಾಗದಷ್ಟು ದುರ್ಬಲ ಸಿಗ್ನಲ್ ಇದ್ದಾಗ ಎಸ್ಎಂಎಸ್ ಮೂಲಕ ನೆರವು ಕೇಳಬಹುದು. ಇವತ್ತು ಎಲ್ಲಿಂದ ಎಲ್ಲಿಗೆ, ನಾಳೆ ಎಷ್ಟು ಹೊತ್ತಿಗೆ ಫೋನು ಎಂಬುದು ಮನೆಯ ಒಬ್ಬರಿಗಾದರೂ ಗೊತ್ತಿರಬೇಕು.

ಮೊದಲ ರಾತ್ರಿಯ ಜಾಗವನ್ನು ಮಾತ್ರ ನಕ್ಷೆ ನೋಡಿಯೇ ಗೊತ್ತುಮಾಡಿಕೊಳ್ಳಬೇಕು. ಗ್ಲಾಸ್ಗೋ ಬಿಟ್ಟ ಸ್ವಲ್ಪದರಲ್ಲೇ ದಾರಿ ಲಾಕ್ ಲೋಮಂಡ್ ರಾಷ್ಟ್ರೀಯ ಉದ್ಯಾನವನ್ನು ಹೊಕ್ಕುತ್ತದೆ. ಅಲ್ಲಿನ ಸರೋವರ ದಂಡೆಗಳಲ್ಲಿ ಬಂದವರು ಕಸ ಬಿಟ್ಟು, ಮರ ಕಡಿದು ಹಾಳುಗೆಡವಿದ್ದರಿಂದ 2017ರಿಂದ ಕೆಲವು ವಲಯಗಳಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರವಾನಗಿ ಇಲ್ಲದೆ ಡೇರೆ ಹಾಕುವಂತಿಲ್ಲ. ಕಾಯ್ದೆ ಕೊಟ್ಟ ಹಕ್ಕು ಹನ್ನೆರಡೇ ವರ್ಷದಲ್ಲಿ ಆ ದಂಡೆಗಳಲ್ಲಿ ಕುಗ್ಗಿತು. ಆ ವಲಯಗಳ ಆಚೆ, ಕಿಲಿನ್ ಊರು ದಾಟಿ ಉತ್ತರಕ್ಕೆ ಹೊರಟ ಮೇಲೆ, ಹಳೆಯ ನಿಯಮವೇ ನಡೆಯುತ್ತದೆ.